ಮೈಕ್ ಆಫ್ ಮಾಡಿದವರಿಗೆ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ ೯

ರೀ,

‘ಪ್ರೀತಿಯ’ ಅಂತಲೇ ಶುರು ಮಾಡೋಣ ಅಂತಿದ್ದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಬರೀ ‘ರೀ’ ಸಾಕು, ಮದುವೆ ಆದಾಗಿನಿಂದ ಅದಕ್ಕೇ ಓಗೊಡ್ತಾ ಬಂದಿದ್ದೀರಲ್ಲ. ಹೇಗಿದ್ದೀರಿ? ಬಿಪಿ ಮಾತ್ರೆ ಕಿಟಕಿ ಹತ್ತಿರವೇ ಬಿಟ್ಟು ಹೋಗಿದ್ದೀರಿ, ನಿಮ್ಮ ವ್ಯಾನಿನ ಡ್ರೈವರಣ್ಣನ ಕೈಲಿ ಕಳಿಸ್ತಿದ್ದೀನಿ. ತಿಂಡಿ ತಿಂದ ಮೇಲೆ ತಗೊಳ್ಳಿ, ಬರೀ ಹೊಟ್ಟೆಗೆ ನುಂಗಿ ಆಮೇಲೆ ತಲೆ ತಿರುಗುತ್ತೆ ಅನ್ನಬೇಡಿ. ಆ ದೊಡ್ಡ ಸ್ಪೀಕರ್ ಪೆಟ್ಟಿಗೆ ಒಬ್ಬರೇ ಎತ್ತೋಕೆ ಹೋಗಬೇಡಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ನಿಮ್ಮ ಮೊಣಕಾಲಿನ ಮೇಲಲ್ಲ. ಅತ್ತೆ ಚೆನ್ನಾಗಿದ್ದಾರೆ, ನಿಮ್ಮ ಹೆಸರು ಎತ್ತಿದರೆ ಮಾತ್ರ ಕೇಳಿಸದ ಹಾಗೆ ಇರ್ತಾರೆ. ಅವರಿಗೆ ಮೊದಲೇ ಕಿವಿ ಮಂದ, ನಿಜವಾಗಿ ಕೇಳಿಸಲಿಲ್ಲವೋ ಬೇಕಂತಲೋ ಗೊತ್ತಾಗೋದೇ ಇಲ್ಲ. ಡ್ರೈವರಣ್ಣ ಉದ್ದದ ವೈರು ಒಯ್ಯೋಕೆ ಬಂದವನು ಉಂಡು ಹಾಲ್‌ನಲ್ಲಿ ಗೊರಕೆ ಹೊಡೀತಿದ್ದಾನೆ, ಅವನು ಏಳೋದರೊಳಗೆ ಇದನ್ನ ಮುಗಿಸಬೇಕು. ಫೋನ್ ಬಿಟ್ಟು ಕಾಗದ ಯಾಕೆ ಅಂತೀರಾ? ಫೋನಾದರೆ ‘ಸಿಗ್ನಲ್ ಇಲ್ಲ ಕಣೇ’ ಅಂತ ಕಟ್ ಮಾಡ್ತೀರಿ. ಕಾಗದಕ್ಕೆ ಆ ಸೌಲಭ್ಯ ಇಲ್ಲ.

ಎರಡು ವಾರದ ಹಿಂದಿನ ಆ ಭಾನುವಾರ ನನ್ನ ಕಣ್ಣ ಮುಂದಿಂದ ಹೋಗ್ತಾನೇ ಇಲ್ಲ ರೀ. ಮಂತ್ರಿಗಳು ನಮ್ಮ ಚರ್ಚಿನ ಮೊದಲ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪಾಸ್ಟರು ಅವರನ್ನ ‘ದೇವರೇ ನಮಗಾಗಿ ಎಬ್ಬಿಸಿದ ನಾಯಕ’ ಅಂದರು, ಸೋರೋ ಛಾವಣಿ ತೋರಿಸಿದರು, ಅವರು ಹೊಸದು ಹಾಕಿಸ್ತೀನಿ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಹೇಳಲ್ಲ. ಆಮೇಲೆ ಎಂದಿನ ಹಾಗೆ ಬೆಂಚಿನ ಮಾತಿನ ಹೊತ್ತು ಬಂತು. ಪಾಸ್ಟರ ಪ್ರಸಂಗ ಮುಗಿದ ಮೇಲೆ ಮೈಕು ಕೆಳಗಿಳಿದು ಬೆಂಚಿನಿಂದ ಬೆಂಚಿಗೆ ಬರೋದು, ಯಾರಿಗೆ ಏನು ಕಷ್ಟವೋ ಅವರು ಎದ್ದು ಹೇಳೋದು, ಕೈಲಾದವರು ಅಲ್ಲೇ ಎದ್ದು ‘ನಾನಿದ್ದೀನಿ’ ಅನ್ನೋದು, ನಮ್ಮ ಸಭೆ ಅಂದರೆ ನನಗೆ ಇಷ್ಟೇ. ಮಿಕ್ಕ ಹಾಡು, ಗಂಟೆ, ಹೂವು ಎಲ್ಲ ಯಾವ ಚರ್ಚಿನಲ್ಲಾದರೂ ಸಿಗುತ್ತೆ. ನಾನು ಎದ್ದೆ. ಸರ್ಕಾರಿ ಆಸ್ಪತ್ರೆಯ ಲಾಂಡ್ರಿಯನ್ನ ಗುತ್ತಿಗೆಗೆ ಕೊಟ್ಟುಬಿಟ್ಟಿದ್ದಾರೆ, ಅಲ್ಲಿ ಹಾಸಿಗೆ ಬಟ್ಟೆ ಒಗೀತಿದ್ದ ನಮ್ಮನ್ನೆಲ್ಲ ಒಂದೇ ದಿನಕ್ಕೆ ಮನೆಗೆ ಕಳಿಸಿದ್ದಾರೆ, ಸಹಿ ಹಾಕಿದವರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳೋಣ ಅಂತ ಹೇಳೋಕೆ. ‘ಇಲ್ಲೇ ಕೂತಿದ್ದಾರೆ’ ಅನ್ನೋ ಹೊತ್ತಿಗೆ ಮೈಕು ಸತ್ತುಹೋಯ್ತು. ಕರೆಂಟ್ ಹೋಯ್ತೇನೋ ಅಂತ ಮೇಲೆ ನೋಡಿದೆ. ಫ್ಯಾನು ತಿರುಗ್ತಿತ್ತು. ಕಂಬದ ಪಕ್ಕದ ನಿಮ್ಮ ಮೇಜಿನ ಕಡೆ ತಿರುಗಿದೆ. ನಿಮ್ಮ ಬೆರಳು ಗುಂಡಿ ಮೇಲಿತ್ತು. ನೀವು ನನ್ನನ್ನ ನೋಡದೆ ವೈರು ನೋಡ್ತಿದ್ರಿ, ಅದರಲ್ಲೇ ಏನೋ ತಪ್ಪಿದೆ ಅನ್ನೋ ಹಾಗೆ. ಪಾಸ್ಟರು ‘ತಾಂತ್ರಿಕ ತೊಂದರೆ’ ಅಂದರು, ಗಾಯಕರು ಹಾಡು ಎತ್ತಿಕೊಂಡರು, ನಾನು ಮೈಕಿಲ್ಲದೆಯೇ ಮಿಕ್ಕದ್ದನ್ನ ಹೇಳಿ ಮುಗಿಸಿದೆ, ಅದು ಹಾಡಿನಲ್ಲಿ ಮುಳುಗಿಹೋಯ್ತು.

ಮಂತ್ರಿ ಕೈ ಕೊಟ್ಟರೆ ನನಗೆ ಅಳು ಬರಲ್ಲ ರೀ. ನನಗೆ ಯಾವ ಪಕ್ಷವೂ ಸೋದರಮಾವನ ಮನೆಯಲ್ಲ. ಈ ಲಾಂಡ್ರಿಯನ್ನ ಗುತ್ತಿಗೆಗೆ ಕೊಡೋ ಮಾತು ಮೊದಲು ಎತ್ತಿದ್ದೇ ಆ ಇನ್ನೊಂದು ಪಕ್ಷದವರು, ಅದೂ ಗೊತ್ತು. ಪಾಸ್ಟರು ಕೈ ಕೊಟ್ಟಿದ್ದಕ್ಕೆ ಹೊಟ್ಟೆ ಉರೀತು, ಆದರೂ ಛಾವಣಿ ಸೋರುತ್ತೆ, ಪಾಪ, ಅವರಿಗೂ ತಲೆನೋವಿದೆ ಅಂದುಕೊಂಡೆ. ಆದರೆ ನೀವು? ಮನೆಗೆ ಬಂದು ಷರ್ಟು ಬಿಚ್ಚುತ್ತಾ ‘ಎಲ್ಲದಕ್ಕೂ ಒಂದು ಸಮಯ ಸಂದರ್ಭ ಇರುತ್ತೆ’ ಅಂದ್ರಿ. ಮಾರನೇ ದಿನವೇ ವ್ಯಾನಿಗೆ ಸ್ಪೀಕರ್ ಏರಿಸಿ ಅದೇ ಮಂತ್ರಿಯ ಪ್ರಚಾರಕ್ಕೆ ಹೊರಟ್ರಿ. ಈ ಚುನಾವಣೆ ಮುಗಿಯೋ ತನಕ ಕೆಲಸ ಉಂಟು ಅಂತ ನನಗೆ ಗೊತ್ತಾಗಿದ್ದು ನಿಮ್ಮಿಂದಲ್ಲ, ಡ್ರೈವರಣ್ಣನಿಂದ, ಅದೂ ಆ ಭಾನುವಾರಕ್ಕೆ ಮುಂಚೆಯೇ ಮಾತಾಗಿತ್ತಂತೆ. ಅಂದರೆ ನಾನು ಎದ್ದಾಗ ನಿಮಗೆ ಮೊದಲೇ ಗೊತ್ತಿತ್ತು, ಯಾರ ಕೆಲಸ ಕೈಲಿದೆ ಅಂತ. ನನಗೆ ಒಂದು ಮಾತು ಹೇಳಬಹುದಿತ್ತಲ್ಲ! ನಾನು ಜಗಳ ಆಡ್ತಿದ್ದೆ, ಎರಡು ದಿನ ಮುಖ ಊದಿಸಿಕೊಂಡಿರ್ತಿದ್ದೆ, ಅಷ್ಟೇ ತಾನೇ.

ಪಾಸ್ಟರು ಆವತ್ತು ದ್ರಾಕ್ಷಿತೋಟದ ಕೂಲಿಯವರ ಕಥೆ ಹೇಳಿದರಲ್ಲ, ಬೆಳಿಗ್ಗೆಯಿಂದ ದುಡಿದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟದ್ದು. ಯಜಮಾನನ ಹಣ, ಯಜಮಾನನ ಇಷ್ಟ, ಕೂಲಿಯವರು ಎದುರು ಮಾತಾಡಬಾರದು, ಇದೇ ಅದರ ಅರ್ಥ ಅಂದರು. ನಾನು ಪಾತ್ರೆ ತೊಳೀತಾ ಅದನ್ನೇ ಯೋಚನೆ ಮಾಡ್ತೀನಿ. ಸಂಜೆ ಬಂದವನು ಸೋಮಾರಿಯೇನಲ್ಲ, ಯಾರೂ ಕರೀಲಿಲ್ಲ ಅಂತ ದಿನವಿಡೀ ಚೌಕದಲ್ಲಿ ನಿಂತಿದ್ದವನು. ಅವನ ಮನೇಲೂ ಒಲೆ ಉರೀಬೇಕು ಅಂತ ಆ ಯಜಮಾನನಿಗೆ ಅರ್ಥ ಆಗಿತ್ತು. ಲಾಂಡ್ರಿಯಲ್ಲಿ ನನ್ನ ಜೊತೆಗಿದ್ದ ಇಸ್ತ್ರಿ ಅಕ್ಕ ಈಗ ದಿನಾ ಆಸ್ಪತ್ರೆ ಗೇಟಿನ ಹತ್ತಿರ ಹೋಗಿ ನಿಲ್ತಾಳೆ, ಗುತ್ತಿಗೆಯವನು ಕರೀತಾನೇನೋ ಅಂತ. ಕರೀತಾನೆ, ಅರ್ಧ ಕೂಲಿಗೆ. ಅಧಿಕಾರದಲ್ಲಿರೋರನ್ನ ದೇವರೇ ಇಟ್ಟಿರೋದು, ಪ್ರಶ್ನೆ ಮಾಡಬಾರದು ಅಂತಾರೆ. ಯೇಸುವನ್ನ ಶಿಲುಬೆಗೆ ಹಾಕಿದವರೂ ಅಧಿಕಾರದಲ್ಲಿದ್ದವರೇ ಅಲ್ವಾ? ಅದನ್ನ ಹೇಳಿದರೆ ನಾನು ಬಾಯಿಬಡುಕಿ. ನನಗೆ ದೇವರ ಮೇಲೆ ಇನ್ನೂ ನಂಬಿಕೆ ಇದೆ ರೀ, ಅವನ ಹೆಸರು ಹೇಳೋರ ಮೇಲಿನ ನಂಬಿಕೆ ಮಾತ್ರ ಒಗೆದು ಒಗೆದು ಜಾಲರಿ ಆಗಿಬಿಟ್ಟಿದೆ.

ನೆನಪಿದೆಯಾ, ನಾನು ಮೊದಲನೇ ಸಲ ಆ ಬೆಂಚಿನಲ್ಲಿ ಎದ್ದದ್ದು? ನಮ್ಮಕ್ಕನನ್ನ ಅವಳ ಗಂಡ ಹೊರಗೆ ಹಾಕಿದ್ದ, ಮಲಗೋಕೆ ಜಾಗ ಇರಲಿಲ್ಲ. ಎದ್ದೇನೋ ನಿಂತೆ, ‘ನಮ್ಮಕ್ಕ, ನಮ್ಮಕ್ಕ’ ಅಂತ ಅಷ್ಟನ್ನೇ ಹೇಳ್ತಿದ್ದೆ. ಮೈಕು ತಂದುಕೊಟ್ಟ ನೀವು ಹೋಗದೆ ಅಲ್ಲೇ ಬಗ್ಗಿ ನಿಂತು ಮೆತ್ತಗೆ ಹೇಳಿದ್ರಿ, ‘ನಿಧಾನವಾಗಿ ಹೇಳಿ, ನೀವು ಮುಗಿಸೋ ತನಕ ನಾನು ಆಫ್ ಮಾಡಲ್ಲ’ ಅಂತ. ನಾನು ನಿಮ್ಮನ್ನ ಕಟ್ಟಿಕೊಂಡಿದ್ದೇ ಆ ಮಾತಿಗೆ. ನಿಮ್ಮ ಮೂಗು ನೋಡಿ ಅಂತೂ ಅಲ್ಲ! ಆವತ್ತು ಸಂಜೆಯೇ ಅಕ್ಕನಿಗೆ ಒಂದು ಕೋಣೆ ಸಿಕ್ತು. ಆ ಮಾತು ಕೊಟ್ಟ ಕೈಯೇ ಗುಂಡಿ ಒತ್ತಿತು ಅನ್ನೋದನ್ನ ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಎಲ್ಲವನ್ನೂ ಹೇಳಿಕೊಳ್ತಿದ್ದದ್ದು ನಿಮ್ಮ ಹತ್ತಿರ.

ಇವತ್ತಿನ ಸುದ್ದಿ ಕೇಳಿ. ಇನ್ನು ಮೇಲೆ ಬೆಂಚಿನ ಮಾತು ಇಲ್ಲ, ಕಷ್ಟ ಇದ್ದವರು ಚೀಟಿ ಬರೆದು ಡಬ್ಬಿಗೆ ಹಾಕಿ ಅಂತ ಪಾಸ್ಟರು ಹೇಳಿದರು. ಅತ್ತೆ ನನ್ನ ಮೊಣಕೈ ತಿವಿದು ಏನಂತೆ ಅಂದರು. ಹೇಳಿದೆ. ಎದ್ದೇ ನಿಂತರು ರೀ ನಿಮ್ಮಮ್ಮ! ಅವರ ದನಿ ನಿಮಗೆ ಗೊತ್ತಲ್ಲ, ಅವರಿಗೆ ಮೈಕು ಯಾವತ್ತು ಬೇಕಾಗಿತ್ತು? ‘ನನ್ನ ಮಗ ನನ್ನ ಸೊಸೆಯ ಬಾಯಿ ಮುಚ್ಚಿಸಿದ. ಅವಳು ಹೇಳ್ತಿದ್ದದ್ದು ಇದು’ ಅಂತ ಶುರು ಮಾಡಿ, ಲಾಂಡ್ರಿ, ಗುತ್ತಿಗೆ, ಸಹಿ, ಒಂದೂ ಬಿಡದೆ ಒಪ್ಪಿಸಿದರು. ಆವತ್ತು ಮೈಕು ನಿಂತದ್ದು ಮನೆಗೆ ಬಂದು ನಾನು ಹೇಳೋ ತನಕ ಅವರಿಗೆ ಗೊತ್ತೇ ಆಗಿರಲಿಲ್ಲವಂತೆ, ಎಂದಿನ ಹಾಗೆ ನನ್ನ ತುಟಿ ನೋಡಿಕೊಂಡು ಕೂತಿದ್ದರಂತೆ. ಇಡೀ ಸಭೆಯಲ್ಲಿ ನನ್ನ ಮಾತು ಪೂರ್ತಿ ತಲುಪಿದ್ದು ಕಿವಿ ಕೇಳದ ನಿಮ್ಮಮ್ಮನಿಗೆ ಒಬ್ಬರಿಗೇ. ನಗು ಬಂತು, ಆಮೇಲೆ ಅಳು ಬಂತು. ಯಾರೂ ಎದ್ದು ‘ನಾನಿದ್ದೀನಿ’ ಅನ್ನಲಿಲ್ಲ. ಆದರೆ ಅವರನ್ನ ಯಾರೂ ಕೂರಿಸೋಕೂ ಹೋಗಲಿಲ್ಲ.

ಡ್ರೈವರಣ್ಣ ಎದ್ದು ಮುಖ ತೊಳೀತಿದ್ದಾನೆ. ಕಾಫಿ ಕೊಟ್ಟು ಕಳಿಸ್ತೀನಿ. ಮೈ ಹುಷಾರು. ಅತ್ತೆ ಏನೂ ಹೇಳಬೇಡ ಅಂದಿದ್ದಾರೆ, ಆದರೆ ನಿಮ್ಮ ದಪ್ಪ ಬನಿಯನ್ ಮಡಚಿ ಚೀಲಕ್ಕೆ ಹಾಕಿದ್ದು ಅವರೇ. ದೇವರು ನಿಮ್ಮನ್ನ ಕಾಯಲಿ, ಇದನ್ನ ಸಿಟ್ಟಿನಲ್ಲೂ ಮನಸಾರೆ ಬರೀತಿದ್ದೀನಿ.

ಇನ್ನೂ ನಿಮ್ಮವಳೇ ಆದ
ನಾನು

ಮರೆತಿದ್ದೆ, ಡ್ರೈವರಣ್ಣ ಹಾರ್ನ್ ಹೊಡೀತಿದ್ದಾನೆ. ಬರೋ ಶನಿವಾರ ಸಂಜೆ ನಿಮ್ಮ ಮಂತ್ರಿಯ ಸಭೆ ನಮ್ಮ ಶಾಲೆ ಮೈದಾನಕ್ಕೇ ಬರ್ತಿದೆಯಲ್ಲ, ಮೈಕು ನಿಮ್ಮದೇ. ಅತ್ತೆ ಎದ್ದು ನಿಂತದ್ದಕ್ಕೆ ಪಾಸ್ಟರು ಹೆದರಿ, ಚರ್ಚ್ ಬಿಟ್ಟ ಮೇಲೆ ನನ್ನ ಹತ್ತಿರ ಬಂದು ‘ಮುನಿಸು ಬೇಡಮ್ಮ, ನಮ್ಮ ಮಹಿಳಾ ಕೂಟದ ಪರವಾಗಿ ಮಂತ್ರಿಗಳ ಸಭೆಯಲ್ಲಿ ಆರಂಭದ ಪ್ರಾರ್ಥನೆ ನೀವೇ ಮಾಡಿ’ ಅಂದರು. ಒಪ್ಪಿಕೊಂಡೆ. ಯಾರ ಯಾರ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಸ್ತ್ರಿ ಅಕ್ಕನಿಂದ ಶುರು ಮಾಡಿ ಲಾಂಡ್ರಿಯವರೆಲ್ಲರ ಹೆಸರನ್ನೂ ಹೇಳ್ತೀನಿ, ಸಹಿ ಹಾಕಿದವರ ಹೆಸರನ್ನೂ. ನಿಮಗೆ ಮಾತ್ರ ಮೊದಲೇ ಹೇಳ್ತಿದ್ದೀನಿ. ಬೇಕಾದರೆ ಹೋಗಿ ಮಂತ್ರಿಗಳಿಗೆ ಹೇಳಿ, ಇನ್ನೂ ಆರು ದಿನ ಇದೆ. ಪ್ರಾರ್ಥನೆ ಮಾಡುವಾಗ ನಾನು ಕಣ್ಣು ಮುಚ್ಚಿರ್ತೀನಿ, ನಿಮ್ಮ ಕೈ ಎಲ್ಲಿದೆ ಅಂತ ಈ ಸಲ ನೋಡಲ್ಲ. ನನ್ನ ದನಿ ಮೈದಾನದ ಆ ತುದಿ ತನಕ ಕೇಳಿಸಿದರೆ, ಶನಿವಾರ ರಾತ್ರಿ ಊಟಕ್ಕೆ ಮನೆಗೆ ಬನ್ನಿ.