ಜ್ವರ ಬಿಡದ ಗೊಬ್ಬರ

ತುಮಕೂರು
ಸೋಮವಾರ, 19 ಮೇ 2025

ಮಗಳೇ ದೀಪಿಕಾ,

ಅಮ್ಮನ ಆಶೀರ್ವಾದ. ಕುಣಿಗಲ್ಲಿನಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಪ್ಪನ ಗೊಬ್ಬರ ಇನ್ನೂ ಯಾಕೆ ಆಗಿಲ್ಲ ಎಂದು ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಏನೋ ಒಂದು ಹೇಳಿ ಮುಗಿಸಿದೆ. ಸರಿಯಾಗಿ ಬರೆದು ಹೇಳೋಣ ಎಂದು ಕೂತಿದ್ದೇನೆ.

ನಿನ್ನ ಬಕೆಟ್ಟಿನ ಗೊಬ್ಬರ ನಾರುತ್ತಿದೆ, ಬೇಗ ಆಗುತ್ತಿಲ್ಲ ಎಂದೆಯಲ್ಲ. ಬಕೆಟ್ಟು ಸಾಲದು, ಹಿತ್ತಿಲಿನ ಮೂಲೆಯಲ್ಲಿ ಸೊಂಟದೆತ್ತರ ಗುಡ್ಡೆ ಮಾಡು. ಸಿಪ್ಪೆಯನ್ನು ಪಲ್ಯಕ್ಕೆ ಹೆಚ್ಚುವ ಹಾಗೆ ಹೆಚ್ಚಿ ಹಾಕು. ಹಸಿಯದು ಒಂದು ಮಂಕರಿಯಾದರೆ ಒಣ ಎಲೆ ಎರಡು ಮಂಕರಿ ಇರಲಿ. ಹಿಂಡಿದ ಬಟ್ಟೆಯಲ್ಲಿ ಉಳಿಯುವಷ್ಟು ತೇವ ಸಾಕು. ಆಗಾಗ ಅಡಿಮೇಲು ಮಾಡು, ಗಾಳಿಯಾಡಲಿ. ಸಗಣಿ ನೀರು, ಹುಳಿ ಮಜ್ಜಿಗೆ ಚಿಮುಕಿಸಿದರೆ ಇನ್ನೂ ಬೇಗ. ಆಗ ಗುಡ್ಡೆ ಒಳಗೇ ಬಿಸಿಯಾಗುತ್ತದೆ. ನಿಮ್ಮಪ್ಪ ಅದಕ್ಕೆ ಜ್ವರ ಎನ್ನುತ್ತಿದ್ದರು. ಮೊಣಕೈವರೆಗೂ ಕೈ ತೂರಿಸಿ, "ಇನ್ನೂ ಜ್ವರ ಐತೆ ಕಣೇ, ಮಲಗ್ಲಿ ಬುಡು" ಎಂದು ಗೋಣಿತಾಟು ಹೊದಿಸುತ್ತಿದ್ದರು. ಜ್ವರ ಬಿಟ್ಟು ತಣ್ಣಗಾದ ಮೇಲೇ ಗಿಡಕ್ಕೆ.

ಗುಬ್ಬಿಯಿಂದ ಅವರು ನಿನಗೆ ಕಸಿ ಹಲಸಿನ ಸಸಿ ತಂದಾಗ ಹೇಳಿದ್ದು ನೆನಪಿದೆಯಾ? "ನನ್ ಗೊಬ್ಬರ ಆಗೋ ಗಂಟ ನೆಡಬ್ಯಾಡ ಮಗಾ." ಆ ಗೊಬ್ಬರಕ್ಕೆಂದು ಇಲ್ಲಿ ನಮ್ಮ ಹಿತ್ತಿಲಲ್ಲಿ ಗುಡ್ಡೆ ಹಾಕಿದರು, ಸಂಕ್ರಾಂತಿ ಕಳೆದ ವಾರದಲ್ಲೇ ಹೋಗಿಬಿಟ್ಟರು.

ಸಸಿಯ ಬೇರು ಕವರ್ ಹರಿದುಕೊಂಡು ಬಂದಿದೆ, ಭಾನುವಾರ ಅಂಗಡಿ ಗೊಬ್ಬರ ಹಾಕಿ ನೆಟ್ಟುಬಿಡುತ್ತೇನೆ ಎಂದು ನೀನು ರೇಗಿದ್ದು ತಪ್ಪಲ್ಲ. ಪಕ್ಕದ ಮನೆ ರಂಗಲಕ್ಷ್ಮಮ್ಮನೂ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಆಶಾ, ಇನ್ನೂ ಬೆಂದಿಲ್ವಾ? ಕಲ್ಲು ಬೇಯಕ್ಕಿಟ್ಟಿದ್ರೂ ಇಷ್ಟೊತ್ಗೆ ಮೆತ್ತಗಾಗ್ತಿತ್ತು ಕಣೇ" ಎಂದು ನಗುತ್ತಾರೆ. ಈ ಸಲ ಯಾಕೋ ನಿಧಾನ ಎಂದು ಅವರಿಗೂ ಹೇಳಿದೆ, ನಿನಗೂ ಹೇಳಿದೆ.

ಅಂಗಡಿ ಗೊಬ್ಬರ ಮಾತ್ರ ತರಬೇಡ. ಸಸಿಯನ್ನು ಸದ್ಯಕ್ಕೆ ದೊಡ್ಡ ಕವರಿಗೆ ಬದಲಾಯಿಸಿ ನೆರಳಿನಲ್ಲಿಡು. ಮುಂಗಾರು ಹಿಡಿಯುವ ಹೊತ್ತಿಗೆ ನಿಮ್ಮಪ್ಪನ ಗೊಬ್ಬರ ನಿನ್ನ ಹಿತ್ತಿಲಿಗೆ ಬರುತ್ತದೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ಇಂತಿ ನಿನ್ನ ಅಮ್ಮ,
ಆಶಾರಾಣಿ

ಕೊನೆಗೊಂದು ಮಾತು: ಮೇಲೆ ಬರೆಯಲು ಕೈ ಬರಲಿಲ್ಲ. ಆ ಗುಡ್ಡೆ ಯುಗಾದಿಗೇ ಆಗಬೇಕಿತ್ತು. ಅವರು ಹೋದ ಮೇಲೆ ಮನೆಯಲ್ಲಿ ಅವರು ಮುಟ್ಟಿದ್ದೆಲ್ಲ ತಣ್ಣಗಿತ್ತು, ಹಾಸಿಗೆ, ಸೈಕಲ್ಲು, ಅವರ ಲೋಟ. ಗೊಬ್ಬರ ಅಡಿಮೇಲು ಮಾಡೋಣವೆಂದು ಕೈ ಹಾಕಿದರೆ ಅದೊಂದು ಬೆಚ್ಚಗಿತ್ತು. ಅದು ಆರುತ್ತಿದೆ ಅನ್ನಿಸಿದಾಗಲೆಲ್ಲ ಹಸಿ ಹುಲ್ಲು, ಸಗಣಿ ತಂದು ಹಾಕಿದೆ. ಮತ್ತೆ ಜ್ವರ ಬರುತ್ತಿತ್ತು. ಸಂಜೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂರುತ್ತಿದ್ದೆ.

ನಿನ್ನೆ ನಿನ್ನ ಫೋನ್ ಇಟ್ಟ ಮೇಲೆ ಹಾಕುವುದನ್ನು ನಿಲ್ಲಿಸಿದ್ದೇನೆ. ಭಾನುವಾರ ಇಲ್ಲಿಗೆ ಬಾ, ಗೊಬ್ಬರ ತುಂಬಲು ಚೀಲ ತರಬೇಡ, ಸುಮ್ಮನೆ ಬಾ. ಪೂರ್ತಿ ಆರುವ ಮೊದಲು ನೀನೂ ಒಂದು ಸಲ ಕೈ ಇಟ್ಟು ನೋಡು.