ರಾಯಭಾರಿಗೆ ಸನ್ಮಾನ

ತುಮಕೂರು, ೧೯೮೩

ಇನಾಯತ್,

ಜೈಲಿಗೆ ಬರೆದ ಪತ್ರಗಳೆಲ್ಲ ವಾಪಸು ಬಂದಿವೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿನಗೇ ಹೇಳಬೇಕು.

ನೀನಿರುವ ದೇಶದಲ್ಲಿ ನಮ್ಮ ರಾಯಭಾರಿಯಾಗಿರುವ ಗುಬ್ಬಿಯ ವಕೀಲನಿಗೆ ಇವತ್ತು ಇಲ್ಲಿ ಸನ್ಮಾನವಿತ್ತು. ಪ್ರಧಾನಿಯ ಆಪ್ತಮಿತ್ರ ಎಂಬುದೊಂದೇ ಆತನ ಯೋಗ್ಯತೆ. "ನಾನು ಫೋನ್ ಮಾಡಿದ್ರೆ ಪ್ರಧಾನಿ ಊಟ ಬಿಟ್ಟು ಬಂದು ಮಾತಾಡ್ತಾರೆ" ಎಂದು ಭಾಷಣದಲ್ಲಿ ಕೊಚ್ಚಿಕೊಂಡ.

ಕುಣಿಗಲ್ಲಿನಿಂದ ಬಂದಿದ್ದ ನಿನ್ನ ಅಮ್ಮ ಎದ್ದು ನಿಂತರು. "ಹಂಗಾದ್ರೆ ಒಂದ್ ಫೋನ್ ಮಾಡಿ ಸಾಹೇಬ್ರೆ. ಅಲ್ಲಿ ಕೆಲಸಕ್ಕಿಟ್ಕೊಂಡ ಧಣಿ ಹೊಡೀತಾನೆ ಅಂತ ಓಡೋಗಿದ್ದಕ್ಕೆ ನನ್ ಮಗನ್ನ ಜೈಲಿಗೆ ಹಾಕವ್ರೆ."

"ಇಂಥದ್ದಕ್ಕೆಲ್ಲ ಅವರಿಗೆ ತೊಂದರೆ ಕೊಡಕ್ಕಾಗುತ್ತೇನಮ್ಮ? ಕೂತ್ಕೊ" ಎಂದ. ಜನ ನಕ್ಕರು.

ಆಮೇಲೆ ಬಿನ್ನವತ್ತಳೆ ಓದಲು ನನ್ನನ್ನು ಕರೆದರು. ಸಾಹಿತ್ಯ ಓದಿದವನೆಂದು ಅದನ್ನು ನನ್ನಿಂದಲೇ ಬರೆಸಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಆದರೂ ವೇದಿಕೆ ಹತ್ತಿ ಒಂದಕ್ಷರ ಬಿಡದೆ ಓದಿದೆ. "ದೀನರ ಮೊರೆಗೆ ಓಗೊಡುವವರೇ" ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಿನ್ನ ಅಮ್ಮ. ನಿನ್ನನ್ನು ಬಿಡಿಸಲು ಅವರಿಗೆ ಇನ್ನೂ ಅವನೇ ಬೇಕಲ್ಲ.

ಪಟ್ಟಾಭಿ