ಅರಿಶಿನದ ಹಾಡಿಗೆ ಬಂದು ನಿಲ್ಲುತ್ತದೆ

ಗಂಗಾನಗರ
12 ಮಾರ್ಚ್ 2025, ಬುಧವಾರ

ವಾಸು ಅವರಿಗೆ,

ಪ್ರೀತಿಯ ಅಂತ ಬರೆಯಲು ಕೈ ಬರಲಿಲ್ಲ, ಮಾನ್ಯರೇ ಅಂತ ಬರೆಯಲು ಮನಸ್ಸು ಬರಲಿಲ್ಲ. ಬರೀ ಹೆಸರಿನಲ್ಲೇ ಸುಧಾರಿಸಿಕೊಳ್ಳಿ. ಫೋನಿನಲ್ಲಾದರೆ ಇಬ್ಬರೂ ಕಿರುಚಾಡುತ್ತೀರಿ, ಏನಿದ್ದರೂ ಬರೆದು ತಿಳಿಸಿ ಅಂತ ಕೋರ್ಟಿನ ಸಂಧಾನದ ಮೇಡಂ ಹೇಳಿದ ಮೇಲೆ ನಿಮ್ಮ ಮೊದಲ ಕಾಗದ ಕೈ ಸೇರಿತು. ಮದುವೆಯಾದಾಗಿನಿಂದ ಒಂದು ಚೀಟಿ ಬರೆಯದವರು ಪುಟಗಟ್ಟಲೆ ಬರೆದಿದ್ದೀರಿ. ಅಷ್ಟೂ ಬೈಗುಳ. ಸಂತೋಷ.

ಬೈಗುಳ ಸೋಸಿದರೆ ಉಳಿಯುವ ದೂರು ಇಷ್ಟು. ನಿಮ್ಮ ತಂಗಿ ಮಾಲಾಳ ಮದುವೆಯ ವಿಡಿಯೋ ಕಂಪ್ಯೂಟರಿನಲ್ಲಿ ತಡವರಿಸಿ ತಡವರಿಸಿ ಓಡುತ್ತದೆ, ತುಂಡುಗಳನ್ನು ಹೆಣೆಯಲು ರೆಂಡರಿಗೆ ಹಾಕಿದರೆ ಕೂತುಬಿಡುತ್ತದೆ, ಎಕ್ಸ್‌ಪೋರ್ಟ್ ಮಾಡಿ ಪೂರ್ತಿ ವಿಡಿಯೋ ಹೊರತೆಗೆಯಹೋದರೆ ಅತ್ತೆಯ ಹಾಡಿಗೆ ಬಂದು ನಿಂತೇಹೋಗುತ್ತದೆ. ಭಾನುವಾರ ಅತ್ತೆಯ ವರ್ಷದ ತಿಥಿ. ಊಟ ಆದ ಮೇಲೆ ನೆಂಟರ ಮುಂದೆ, ಅರಿಶಿನದ ದಿನ ಅತ್ತೆ ಹಾಡಿದ ಸೋಬಾನೆ ಹಾಕಲೇಬೇಕು ಅಂತ ಮಾಲಾ ಹಟ ಹಿಡಿದಿದ್ದಾಳೆ. ಅತ್ತೆಯ ದನಿ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದರಲ್ಲೇ. ಸರಿಯಾಗಿ ಅಲ್ಲೇ ನಿಲ್ಲುವುದರಿಂದ ಅದು ನಾನು ಬೇಕೆಂದೇ ಕೆಡಿಸಿಟ್ಟು ಬಂದದ್ದು. ಮಾಲಾಳಿಗೂ ಹಾಗೇ ಹೇಳಿದ್ದೀರಿ. ಭೇಷ್.

ಸ್ಟುಡಿಯೋದಲ್ಲಿ ನಾನು ಮಾಡುತ್ತಿದ್ದ ಎಡಿಟಿಂಗ್ ಅಂದರೆ ಫ್ಯಾನ್ ಕೆಳಗೆ ಕೂತು ಬಟನ್ ಒತ್ತೋ ಕೆಲಸ ಅಂತ ಗಿರಾಕಿಗಳ ಮುಂದೆ ನಗುತ್ತಿದ್ದಿರಲ್ಲ, ಈಗ ಒತ್ತಿ ನೋಡಿದಿರಾ? ಜೀಷಾನ್ ಹತ್ತಿರ ಹೋಗಿ ಸಾಫ್ಟ್‌ವೇರ್ ಕಿತ್ತು ಕಿತ್ತು ಹಾಕಿಸಿದ್ದೀರಿ. ಪಾಪ, ಅವನು ಕಂಪ್ಯೂಟರ್ ರಿಪೇರಿಯವನು. ಅವನಿಗೆ ಗೊತ್ತಿರುವುದು ಪೆಟ್ಟಿಗೆ, ಒಳಗಿನ ಮದುವೆ ಅಲ್ಲ. ಸಾಫ್ಟ್‌ವೇರಿಗೆ ಏನೂ ಆಗಿಲ್ಲ. ಕೆಟ್ಟಿರುವುದು ಎಲ್ಲಿ ಅಂತ ನಾನು ಹೇಳುತ್ತೇನೆ, ಗಮನವಿಟ್ಟು ಓದಿ.

ಮೊದಲು, ತಡವರಿಸುವುದು. ನಮ್ಮ ಮತ್ತಿಕೆರೆ ಸ್ಟುಡಿಯೋದ ಕಂಪ್ಯೂಟರ್ ಹಳೆಯದು, ನಿಮ್ಮ ಕ್ಯಾಮೆರಾ ಹೊಸದು. ಕ್ಯಾಮೆರಾ ತುಂಬಿಸಿಕೊಂಡು ಬರುವ ಭಾರವನ್ನು ಅದು ಹೊರಲಾರದು. ಅದಕ್ಕೇ ನಾನು ಪ್ರತಿ ಶಾಟಿಗೂ ಒಂದು ಹಗುರ ನಕಲು ಮಾಡಿಟ್ಟು, ಆ ನಕಲಿನ ಮೇಲೆ ಕತ್ತರಿ ಆಡಿಸಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಅಸಲಿಗೆ ಜೋಡಿಸುತ್ತಿದ್ದೆ. ನೀವು ಏನು ಮಾಡಿದಿರಿ? ಒಂದೇ ಹೆಸರಿನವು ಎರಡೆರಡು ಇದ್ದವು, ಚಿಕ್ಕದನ್ನೆಲ್ಲ ಅಳಿಸಿ ಜಾಗ ಮಾಡಿದೆ ಅಂತ ನೀವೇ ಜಂಬದಿಂದ ಬರೆದಿದ್ದೀರಿ. ಅಯ್ಯೋ ನನ್ನ ಕರ್ಮವೇ! ಆ ನಕಲುಗಳ ಮೇಲೆ ಇಡೀ ಅಂಗಡಿ ನಡೆಯುತ್ತಿತ್ತು ಕಣ್ರೀ. ಇನ್ನು ರೆಂಡರ್ ಕೂತುಬಿಡುವುದಕ್ಕೆ ಕಾರಣ, ಅದು ಕೆಲಸ ಮಾಡುವಾಗ ಎಳೆದುಹಾಕಿಕೊಳ್ಳುವ ಸಾಮಾನು ಇಡಲು ಡಿಸ್ಕಿನಲ್ಲಿ ಜಾಗ ಇಲ್ಲ. ಖಾಲಿ ಮಾಡಿದ ಜಾಗಕ್ಕೆ ಹೊಸ ಸಿನಿಮಾ ತುಂಬಿಸಿರುತ್ತೀರಿ. ತೆಗೆಯಿರಿ, ಓಡುತ್ತದೆ.

ಈಗ ಹಾಡಿಗೆ ಬರೋಣ. ಅಲ್ಲಿ ಪರದೆ ಕೆಂಪಗಾಗಿ ಏನೋ ಅಕ್ಷರ ಬರುತ್ತದೆ ಅಂದಿರಿ. ಫೈಲ್ ಇಲ್ಲಿಲ್ಲ, ಎಲ್ಲಿ ಹೋಯಿತು ಅಂತ ಅದು ನಿಮ್ಮನ್ನೇ ಕೇಳುತ್ತಿದೆ. ಪ್ರಾಜೆಕ್ಟ್ ಫೈಲ್ ಒಂದಿದ್ದರೆ ಇಡೀ ಮದುವೆ ಅದರೊಳಗಿದೆ ಅಂತ ತಿಳಿದಿದ್ದೀರಿ. ಅದರಲ್ಲಿ ಇರುವುದು ಯಾವ ಶಾಟ್ ಎಲ್ಲಿ, ಎಷ್ಟು ಹೊತ್ತು ಅನ್ನುವ ಲೆಕ್ಕ ಮಾತ್ರ. ಅರಿಶಿನದ ದಿನದ ಅಸಲು ಚಿತ್ರ, ಅತ್ತೆಯ ದನಿ, ಎಲ್ಲ ಇದ್ದದ್ದು ಕಪ್ಪು ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕ್ ನನ್ನ ಹತ್ತಿರ ಇದೆ. ಕದ್ದವಳು ಅಂತ ಬಾಯಿ ತೆರೆಯುವ ಮೊದಲು ಜ್ಞಾಪಿಸಿಕೊಳ್ಳಿ. ಅಬ್ಬಿಗೆರೆ ಮನೆಯ ಗೇಟಿನ ಹೊರಗೆ ನನ್ನ ಬ್ಯಾಗುಗಳನ್ನು ಇಟ್ಟ ದಿನ, ಡ್ರಾಯರ್ ಎಳೆದು, "ನಿನ್ನ ಡಬ್ಬಗಳನ್ನೂ ತಗೊಂಡು ತೊಲಗು" ಅಂತ ವೈರುಗಳ ಜೊತೆ ಅದನ್ನು ನನ್ನ ಬ್ಯಾಗಿಗೆ ಎಸೆದವರು ನೀವೇ.

ನಿಮ್ಮ ತಂಗಿಯ ಮದುವೆ ವಿಡಿಯೋ ನಾನು ಹೊರಡುವ ಮುಂಚಿನ ಎರಡು ವರ್ಷದಲ್ಲಿ ಯಾಕೆ ಮುಗಿಯಲಿಲ್ಲ ಅಂತಲೂ ಕೇಳಿದ್ದೀರಿ. "ಮನೆ ಕೆಲಸ ತಾನೆ, ಗಿರಾಕಿಗಳದ್ದು ಮೊದಲು ಮುಗಿಸು" ಅಂತ ಪ್ರತಿ ಸೀಸನ್ನಿನಲ್ಲೂ ಅದನ್ನು ಹಿಂದಕ್ಕೆ ತಳ್ಳಿದ್ದು ಯಾರು? ಎಲ್ಲ ಸ್ಟುಡಿಯೋದವರ ಹಣೆಬರಹವೂ ಅಷ್ಟೇ, ಸ್ವಂತ ಮನೆಯ ಮದುವೆ ಕೊನೆಗೆ. ಅರಿಶಿನದ ದಿನದ ಧ್ವನಿಯನ್ನು ನಾನು ಪೂರ್ತಿ ಕೇಳಿರಲೂ ಇಲ್ಲ.

ಕೇಳಿದ್ದು ಅತ್ತೆ ಹೋದ ಮೇಲೆ. ಸುದ್ದಿ ತಿಳಿದು ಅವತ್ತು ನಾನು ಓಡಿ ಬಂದೆ. ಗೇಟಿನಲ್ಲಿ ಮಾಲಾ ಅಡ್ಡ ನಿಂತು, "ಈಗ ಬಂದ್ರಾ ಅತ್ತಿಗೆ? ಅಮ್ಮನ ಜೊತೆ ಬಾಳಕ್ಕಾಗಲ್ಲ ಅಂತ ಬಿಟ್ಟೋದವ್ರಿಗೆ ಇಲ್ಲೇನ್ ಕೆಲ್ಸ?" ಅಂದಳು. ನೀವು ಅವಳ ಹಿಂದೆ ನಿಂತು ನೆಲ ನೋಡುತ್ತಿದ್ದಿರಿ. ನಾನು ರಸ್ತೆಯ ಆಚೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು ಅತ್ತೆಯನ್ನು ಎತ್ತಿಕೊಂಡು ಹೋಗುವುದನ್ನು ನೋಡಿದೆ. ಬಾಯಿಗೆ ಒಂದು ಹನಿ ಹಾಲು ಬಿಡಲು ಆಗಲಿಲ್ಲ. ಗಂಗಾನಗರದ ನನ್ನ ರೂಮಿಗೆ ಬಂದು ದನಿಯನ್ನಾದರೂ ಕೇಳೋಣ ಅಂತ ಆ ಡಿಸ್ಕ್ ಹಾಕಿದೆ.

ನಿಮ್ಮದೊಂದು ಕೆಟ್ಟ ಅಭ್ಯಾಸ ಇದೆ. ಕಾಲರ್ ಮೈಕನ್ನು ಒಮ್ಮೆ ಸಿಕ್ಕಿಸಿದರೆ ಕಾರ್ಯ ಮುಗಿಯುವವರೆಗೆ ಆಫ್ ಮಾಡುವುದಿಲ್ಲ, ಮತ್ತೆ ಜೋಡಿಸುವುದು ತಲೆನೋವು ಅಂತ. ಅತ್ತೆಯ ಸೆರಗಿಗೂ ಹಾಗೇ ಸಿಕ್ಕಿಸಿದಿರಿ. ಹಾಡು ಮುಗಿಯಿತು, ನೀವು ಕ್ಯಾಮೆರಾ ಇಳಿಸಿದಿರಿ, ಮೈಕ್ ಮಾತ್ರ ಎಚ್ಚರವಾಗಿತ್ತು. ಎಷ್ಟೋ ಮನೆಗಳ ಎಷ್ಟೋ ಗುಟ್ಟು ಹೀಗೆ ನನ್ನ ಕಿವಿಗೆ ಬಿದ್ದಿದೆ. ಯಾರಿಗೂ ಹೇಳದೆ ಅಳಿಸಿದ್ದೇನೆ. ನಮ್ಮ ಮನೆಯದೇ ಬೀಳುತ್ತದೆ ಅಂತ ಕನಸಿನಲ್ಲೂ ನೆನೆಸಿರಲಿಲ್ಲ.

ಹಾಡಾದ ಮೇಲೆ ಅತ್ತೆ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಾರೆ, ಹಿಂದೆಯೇ ನೀವು. ಕೊಳಾಯಿಯ ಸದ್ದಿನ ನಡುವೆ ನಿಮ್ಮ ಮಾತು ಸ್ಪಷ್ಟವಾಗಿದೆ. "ಸ್ಟುಡಿಯೋಗೆ ಬಂದೋರೆಲ್ಲ ಮೇಡಂ ಇಲ್ವಾ ಅಂತಾರಮ್ಮ. ನಾನೇನು ಲೈಟ್ ಹಿಡಿಯೋನಾ? ಮಾಲಾ ಮದ್ವೆ ಮುಗೀಲಿ, ಇವ್ಳನ್ನ ಕಳಿಸ್ಬಿಡ್ತೀನಿ. ಕೇಳ್ದೋರಿಗೆ ನಿಂಗೂ ಅವ್ಳಿಗೂ ಆಗ್ಬರ್ಲಿಲ್ಲ ಅನ್ನು." ಅಷ್ಟಕ್ಕಾ ವಾಸು? ಗಿರಾಕಿಗಳು ನನ್ನನ್ನು ಕೇಳಿದರು ಅನ್ನುವ ಅಷ್ಟಕ್ಕೆ?

ಅತ್ತೆಯ ಉತ್ತರ ನಿಮಗೆ ಮರೆತಿರಬಹುದು. ನನಗೆ ಬಾಯಿಪಾಠ. "ನಾನ್ಯಾಕ್ಲಾ ಅಂಗೆ ಏಳ್ಲಿ? ಕಾಲ್ ಮುರ್ಕೊಂಡ್ ಬಿದ್ದಿದ್ದಾಗ ನನ್ನ ಎತ್ತಿ ಕೂರ್ಸಿದ್ದು ಅವ್ಳು. ನೀನ್ ಬೇಕಾದ್ರೆ ಓಗು. ಅವ್ಳು ಇಲ್ಲೇ ಇರ್ತಾಳೆ." ಆಮೇಲೆ ಕೊಳಾಯಿ ನಿಂತ ಸದ್ದು. ಆಮೇಲೆ ದೂರಕ್ಕೆ ಕೂಗಿ, "ವನಿತಾ, ಉಂಡ್ಯೇನವ್ವಾ?"

ನಾನು ಉಂಡಿರಲಿಲ್ಲ. ಮಂಟಪದ ದೀಪ ಸರಿಮಾಡುತ್ತಿದ್ದೆ. ಅತ್ತೆ ಕರೆದದ್ದು ಕೇಳಿಸಲಿಲ್ಲ. ಇದನ್ನು ಬರೆಯುವಾಗ ಅಳು ಬರುತ್ತಿದೆ. ಬರಲಿ, ನಿಮಗಾಗಿ ಅಲ್ಲ.

ಆ ಮುದುಕಿ ಒಪ್ಪದ ಸುಳ್ಳನ್ನು, ಆಕೆ ಮಾತು ನಿಂತು ಹಾಸಿಗೆ ಹಿಡಿದ ಮೇಲೆ ನನ್ನನ್ನು ಹೊರಗೆ ಹಾಕಿ, ಆಕೆಯ ಹೆಸರಿನಲ್ಲೇ ಊರಿಗೆಲ್ಲ ಹಂಚಿದಿರಿ. ಸಂಧಾನದ ಮೇಡಂಗೂ ಹೇಳಿದಿರಿ. ಥೂ! ಹೆತ್ತ ತಾಯಿಯ ಬಾಯಲ್ಲಿ ಇಲ್ಲದ ಮಾತು ಇಡಲು ನಾಚಿಕೆಯಾಗಲಿಲ್ಲವೇ?

ಈಗ ನನ್ನ ಷರತ್ತು. ಹಾಡು ಎಕ್ಸ್‌ಪೋರ್ಟ್ ಆಗಿ ಅದೇ ಡಿಸ್ಕಿನಲ್ಲಿ ಸಿದ್ಧವಾಗಿದೆ, ಎಲ್ಲೂ ನಿಲ್ಲುವುದಿಲ್ಲ. ಕೊನೆಗೆ ಅತ್ತೆ ನನ್ನನ್ನು ಕೂಗಿದ್ದನ್ನು ಇಟ್ಟಿದ್ದೇನೆ. ನಿಮ್ಮ ಮಾತನ್ನು ತೆಗೆದಿದ್ದೇನೆ, ನಿಮ್ಮ ಮೇಲಿನ ಕರುಣೆಯಿಂದಲ್ಲ, ಅತ್ತೆಯ ತಿಥಿಯಲ್ಲಿ ಅದು ಮೊಳಗಬಾರದು ಅಂತ. ಬದಲಿಗೆ, ಅತ್ತಿಗೆ ಬಿಟ್ಟುಹೋಗಲಿಲ್ಲ, ನಾನೇ ಹೊರಗೆ ಹಾಕಿದೆ ಅಂತ ಮಾಲಾಳಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ಹಿತ್ತಲಿನಲ್ಲಿ ಆಡಿದ್ದನ್ನೂ ಸೇರಿಸಿ. ಭಾನುವಾರ ಅತ್ತೆಯ ಎಡೆಗೆ ನಾನೂ ಬಡಿಸುತ್ತೇನೆ. ಆಮೇಲೆ ನಿಮ್ಮ ಮನೆಯ ಹೊಸ್ತಿಲು ನನಗೆ ಬೇಡ. ವಿಚ್ಛೇದನದ ಕಾಗದಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ.

ಈ ಕಾಗದ ತಂದುಕೊಟ್ಟವರ ಮೇಲೆ ರೇಗಬೇಡಿ. ಬಿಸಿಲಲ್ಲಿ ಬಂದಿರುತ್ತಾರೆ, ಒಂದು ಲೋಟ ನೀರು ಕೊಡಿ.

ಸದ್ಯಕ್ಕೆ ಇನ್ನೂ ನಿಮ್ಮ ಹೆಂಡತಿ ಅನ್ನಿಸಿಕೊಂಡಿರುವ,
ವನಿತಾ

ಮರೆತ ಮಾತು: ಸೋಮವಾರ ಮಾಲಾ ನನ್ನ ರೂಮಿಗೆ ಜಗಳಕ್ಕೆ ಬಂದಿದ್ದಳು, ಅಮ್ಮನ ಹಾಡು ಯಾಕೆ ಕೆಡಿಸಿದಿರಿ ಅಂತ. ಹೆಡ್‌ಫೋನ್ ಕೊಟ್ಟು ಕೂರಿಸಿದೆ. ಕೇಳಿ ಮುಗಿಸಿ, "ಅತ್ತಿಗೆ, ಇನ್ನೊಂದ್ಸಲ ಹಾಕಿ" ಅಂದಳು. ಮೇಲಿನ ಷರತ್ತು ನನ್ನದಲ್ಲ, ಅವಳದು. ಗೊತ್ತಿರುವುದನ್ನೇ ಅಣ್ಣನ ಬಾಯಿಂದ ಕೇಳಬೇಕಂತೆ. ಡಿಸ್ಕನ್ನು ಈಗ ಅವಳ ಬ್ಯಾಗಿಗೆ ಹಾಕಿದ್ದೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ ಅಂತ ಹೇಳಿ, ಈ ಕಾಗದ ಒಯ್ಯಲು ಇವತ್ತು ಮತ್ತೆ ಬಂದು ಕಾದು ಕೂತಿದ್ದಾಳೆ. ಈಗ ತಲೆ ಎತ್ತಿ ಅವಳ ಮುಖ ನೋಡಿ.